ಲಿವರ್ ಕಸಿ: ಮಲೆನಾಡಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ನಾನು ಡಾಕ್ಟರಲ್ಲ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯವಳು. ಅಣ್ಣನ ಲಿವರ್ ಪೂರ್ತಿ ಕೈಕೊಟ್ಟಾಗ ನನ್ನ ಲಿವರ್‌ನಲ್ಲಿ ಒಂದು ಪಾಲು ಕೊಟ್ಟೆ. ಇಬ್ಬರೂ ಚೆನ್ನಾಗಿದ್ದೇವೆ. ಆಮೇಲಿಂದ ಸುತ್ತಮುತ್ತ ಯಾರಿಗಾದರೂ ಹೊಟ್ಟೆಯಲ್ಲಿ ನೀರು ತುಂಬಿತು ಅಂದರೆ ನನಗೊಂದು ಫೋನ್ ಬರುತ್ತದೆ. ಸಾಗರ, ಹೊಸನಗರ, ಕೊಪ್ಪ, ಶಿವಮೊಗ್ಗ ಎಲ್ಲ ಕಡೆಯಿಂದ. ಹೆಚ್ಚುಕಡಿಮೆ ಅದೇ ಪ್ರಶ್ನೆಗಳು. ಅದಕ್ಕೇ ಬರೆದಿಟ್ಟೆ. ಮಾತ್ರೆ, ಡೋಸು ವಿಚಾರ ಮಾತ್ರ ನಿಮ್ಮ ಡಾಕ್ಟರನ್ನೇ ಕೇಳಿ.

ಕಸಿ ಅಂದ್ರೆ ನಿಜಕ್ಕೂ ಏನು ಮಾಡ್ತಾರೆ?

ಹಾಳಾದ ಲಿವರನ್ನು ಪೂರ್ತಿ ತೆಗೆದು, ಅದೇ ಜಾಗದಲ್ಲಿ ಇನ್ನೊಬ್ಬರ ಲಿವರನ್ನೋ ಅದರ ಒಂದು ಭಾಗವನ್ನೋ ಕೂರಿಸಿ, ರಕ್ತನಾಳಗಳನ್ನೂ ಪಿತ್ತನಾಳವನ್ನೂ ಹೊಲಿಯುತ್ತಾರೆ. ಕಾಳುಮೆಣಸನ್ನು ಹಿಪ್ಪಲಿ ಗಿಡಕ್ಕೆ ಕಸಿ ಕಟ್ಟುವವರಿಗೆ ಅರ್ಧ ಆಗಲೇ ಅರ್ಥವಾಗಿರುತ್ತದೆ. ಒಂದೇ ವ್ಯತ್ಯಾಸ: ಗಿಡ ಒಮ್ಮೆ ಒಪ್ಪಿಕೊಂಡರೆ ಮುಗಿಯಿತು. ಮೈ ಹಾಗಲ್ಲ. ಹೊಸ ಲಿವರನ್ನು ಅದು ಹೊರಗಿನದು ಅಂತಲೇ ನೋಡುತ್ತದೆ. ಅದಕ್ಕೇ ಜೀವನಪೂರ್ತಿ ಮಾತ್ರೆ.

ಜಗತ್ತಿನಲ್ಲಿ ಮೊದಲು ಪ್ರಯತ್ನಿಸಿದ್ದು ಅಮೆರಿಕದ ಸರ್ಜನ್ ಥಾಮಸ್ ಸ್ಟಾರ್ಜಲ್, 1963ರಲ್ಲಿ. ಗೆದ್ದಿದ್ದು 1967ರಲ್ಲಿ. ನಮ್ಮ ದೇಶದಲ್ಲಿ ಮೊದಲ ಯಶಸ್ವಿ ಲಿವರ್ ಕಸಿ ಆಗಿದ್ದು 1998ರಲ್ಲಿ, ದೆಹಲಿಯಲ್ಲಿ, ಒಂದು ಪುಟ್ಟ ಮಗುವಿಗೆ. ಅಂದರೆ ಇದು ಈಗ ಪ್ರಯೋಗವಲ್ಲ. ದೊಡ್ಡ ಆಪರೇಷನ್ ಅನ್ನುವುದಂತೂ ಹೌದು.

ಸ್ಕ್ಯಾನ್‌ನಲ್ಲಿ ಸಿರೋಸಿಸ್ ಅಂತ ಬಂದಿದೆ. ಕಸಿಯೇ ಗತಿಯಾ?

ಅಲ್ಲ. ಸಿರೋಸಿಸ್ ಅಂದರೆ ಲಿವರ್ ಗಟ್ಟಿಯಾಗಿ ಗಂಟುಗಂಟಾಗಿದೆ ಅಂತ. ಹಾಗಿದ್ದೂ ಅದು ಕೆಲಸ ತೂಗಿಸಿಕೊಂಡು ಹೋಗುತ್ತಿದ್ದರೆ ವರ್ಷಗಟ್ಟಲೆ ನಡೆಯಬಹುದು. ಕಾರಣಕ್ಕೆ ಔಷಧಿ ಮಾಡಿದರೆ ಸುಧಾರಿಸಲೂಬಹುದು. ಹೆಪಟೈಟಿಸ್ ಸಿ ಈಗ ಸಾಮಾನ್ಯವಾಗಿ 12 ವಾರ ಮಾತ್ರೆ ತಗೊಂಡರೆ ವಾಸಿಯಾಗುತ್ತದೆ. ಹೆಪಟೈಟಿಸ್ ಬಿ ಪೂರ್ತಿ ಹೋಗದಿದ್ದರೂ ಮಾತ್ರೆಯಲ್ಲಿ ಹಿಡಿತಕ್ಕೆ ಬರುತ್ತದೆ. ಕುಡಿತ ಬಿಟ್ಟ ಎಷ್ಟೋ ಮಂದಿ ಕಸಿಯ ಬಾಗಿಲವರೆಗೆ ಹೋಗಿ ವಾಪಸ್ ಬಂದಿದ್ದಾರೆ.

ಹಾಗಾದ್ರೆ ಕಸಿ ಬಗ್ಗೆ ಯಾವಾಗ ಕೇಳಬೇಕು?

ಬೇರೆಲ್ಲ ಮರೆತರೂ ಇದೊಂದು ನೆನಪಿಟ್ಟುಕೊಳ್ಳಿ. ಮೂರು ವಿಷಯ: ಹೊಟ್ಟೆಯಲ್ಲಿ ನೀರು ತುಂಬುವುದು, ರಕ್ತವಾಂತಿ ಅಥವಾ ಟಾರಿನ ಹಾಗೆ ಕಪ್ಪು ಮಲ, ಮಂಕು ಕವಿಯುವುದು. ಈ ಮೂರರಲ್ಲಿ ಒಂದು, ಒಂದೇ ಒಂದು ಸಲ ಆದರೂ ಡಾಕ್ಟರ ಹತ್ತಿರ ನೀವಾಗಿಯೇ ಕೇಳಿ: "ಇವರನ್ನು ಕಸಿ ಮಾಡುವ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಲಾ?" ತೋರಿಸಿದ ಮಾತ್ರಕ್ಕೆ ಆಪರೇಷನ್ ಮಾಡಿಬಿಡುವುದಿಲ್ಲ. "ಈಗ ಬೇಡ, ಆರು ತಿಂಗಳು ಬಿಟ್ಟು ಬನ್ನಿ" ಅಂತ ಕಳಿಸಿದರೂ ಒಳ್ಳೆಯದೇ ಅಲ್ವಾ?

ನಾವು ಹಾಗೆ ಮಾಡಲಿಲ್ಲ. ಅಣ್ಣನ ಹೊಟ್ಟೆ ಉಬ್ಬಿದಾಗ ಗ್ಯಾಸ್ಟ್ರಿಕ್ ಅಂದುಕೊಂಡೆವು. ತೋರಿಸಿದ ಒಬ್ಬ ಡಾಕ್ಟರೂ ಹಾಗೇ ಅಂದರು. ಆಮೇಲೆ ನೀರು ಅಂತ ಗೊತ್ತಾಯಿತು, ತೆಗೆಸಿದೆವು, ಮತ್ತೆ ತುಂಬಿತು. ಅಷ್ಟರಲ್ಲಿ ಕೊಯ್ಲು ಶುರುವಾಯಿತು. "ಕೊಯ್ಲು ಮುಗೀಲಿ, ನೋಡೋಣ" ಅಂದ. ಮಲೆನಾಡಿನಲ್ಲಿ ಈ ಮಾತಿಗೆ ಬಲಿಯಾದವರಿಗೆ ಲೆಕ್ಕವಿಲ್ಲ.

ನಮಗೆ ಬುದ್ಧಿ ಬಂದಿದ್ದು ಅಡಿಕೆ ಮಂಡಿಯಲ್ಲಿ. ಅಣ್ಣ ಅಡಿಕೆ ಬಿಟ್ಟು ರಸೀದಿಗೆ ಸಹಿ ಹಾಕಿದ. ಗುಮಾಸ್ತರು ಕಾಗದ ನೋಡಿದರು, ಅಣ್ಣನ ಮುಖ ನೋಡಿದರು. "ಭಟ್ರೇ, ಇದು ನಿಮ್ಮ ಸಹಿ ಅಲ್ವಲ್ಲ" ಅಂದರು. ಇಪ್ಪತ್ತು ವರ್ಷದಿಂದ ನೋಡಿದ ಸಹಿ. ಆವತ್ತು ಅದು ಕಾಗದದ ಮೇಲೆ ಇರುವೆ ಹರಿದ ಹಾಗಿತ್ತು. ಅದಾಗಲೇ ಅವನು ಹಗಲೆಲ್ಲ ತೂಕಡಿಸುತ್ತಿದ್ದ, ರಾತ್ರಿಯೆಲ್ಲ ಜಗಲಿಯಲ್ಲಿ ಕೂತಿರುತ್ತಿದ್ದ. ಯೋಚನೆ ಜಾಸ್ತಿ ಅಂದುಕೊಂಡಿದ್ದೆವು. ಅದು ಯೋಚನೆಯಲ್ಲ. ಲಿವರ್ ಶೋಧಿಸಬೇಕಾದ ಅಮೋನಿಯದಂಥ ಕೊಳೆ ಮಿದುಳಿಗೆ ಹೋಗಿ ಹಾಗಾಗುತ್ತದೆ. ಕೈ ಚಾಚಿ ಮಣಿಕಟ್ಟು ಹಿಂದಕ್ಕೆ ಬಗ್ಗಿಸಿ ಹಿಡಿಯಲು ಹೇಳಿ. ಹಕ್ಕಿ ರೆಕ್ಕೆ ಬಡಿದ ಹಾಗೆ ಕೈ ಬಿದ್ದು ಬಿದ್ದು ಏಳುತ್ತಿದ್ದರೆ ಆವತ್ತೇ ಆಸ್ಪತ್ರೆಗೆ ಹೊರಡಿ.

ಮೆಲ್ಡ್ ಸ್ಕೋರ್ ಅಂದ್ರೇನು?

ಲಿವರ್ ಎಷ್ಟು ಕೆಟ್ಟಿದೆ ಅಂತ ಹೇಳುವ ಅಂಕಿ. ಕಾಮಾಲೆಯ ಹಳದಿ ಹೇಳುವ ಬಿಲಿರುಬಿನ್, ರಕ್ತ ಹೆಪ್ಪುಗಟ್ಟುವುದನ್ನು ಹೇಳುವ ಐಎನ್‌ಆರ್, ಕಿಡ್ನಿಯ ಕ್ರಿಯಾಟಿನಿನ್ ಸೇರಿಸಿ ಲೆಕ್ಕ ಹಾಕುತ್ತಾರೆ. ಈಗ ಸೋಡಿಯಂ ಕೂಡ ಸೇರಿಸುತ್ತಾರೆ. 6ರಿಂದ 40ರವರೆಗೆ ಹೋಗುತ್ತದೆ. ಇಲ್ಲಿ ಜಾಸ್ತಿ ಅಂಕ ಬಂದವನು ಪಾಸಲ್ಲ. ಸಾಮಾನ್ಯವಾಗಿ 15 ದಾಟಿದರೆ ಕಸಿಯ ಮಾತು ಶುರುವಾಗುತ್ತದೆ. ಅಂಕಿ ಕಡಿಮೆ ಇದ್ದೂ ನೀರು ಪದೇ ಪದೇ ತುಂಬುವವರಿದ್ದಾರೆ. ಬರೀ ಅಂಕಿ ನೋಡಿ ನೆಮ್ಮದಿಯಾಗಬೇಡಿ.

ನಮ್ಮ ಮನೆಯಲ್ಲಿ ಯಾರೂ ಕುಡಿಯಲ್ಲ. ಆದರೂ ಹೇಗೆ ಬಂತು?

ಅಣ್ಣನ ಜೊತೆ ಆಸ್ಪತ್ರೆಗೆ ಹೋದಾಗಲೆಲ್ಲ "ಎಷ್ಟು ವರ್ಷದಿಂದ ಕುಡಿಯೋದು?" ಅಂತ ಕೇಳಿ ಅತ್ತಿಗೆಯ ಕಣ್ಣಲ್ಲಿ ನೀರು ಬರಿಸುತ್ತಿದ್ದರು. ಅವನು ಕಾಫಿ ಬಿಟ್ಟು ಇನ್ನೇನೂ ಮುಟ್ಟಿದವನಲ್ಲ. ಅವನಿಗಿದ್ದಿದ್ದು ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಜೊತೆಗೆ ಫ್ಯಾಟಿ ಲಿವರ್, ಅಂದರೆ ಲಿವರ್‌ನಲ್ಲಿ ಕೊಬ್ಬು. ಸ್ಕ್ಯಾನ್‌ನಲ್ಲಿ "ಫ್ಯಾಟಿ ಲಿವರ್" ಅಂತ ಬಂದರೆ ನಾವೆಲ್ಲ "ಅದು ಎಲ್ಲರಿಗೂ ಇರುತ್ತೆ" ಅಂದು ಫೈಲು ಮುಚ್ಚುತ್ತೇವೆ. ಹೆಚ್ಚಿನವರಿಗೆ ಅದು ಅಲ್ಲಿಗೇ ನಿಲ್ಲುತ್ತದೆ, ನಿಜ. ಕೆಲವರಿಗೆ ಹತ್ತಿಪ್ಪತ್ತು ವರ್ಷದಲ್ಲಿ ಸದ್ದಿಲ್ಲದೆ ಸಿರೋಸಿಸ್ ಆಗುತ್ತದೆ. ಕಾಲ ಬದಲಾಗಿದೆ: ಅಪ್ಪ ಗುಡ್ಡ ಹತ್ತಿ ಇಳಿದು ಉಣ್ಣುತ್ತಿದ್ದ ಊಟವನ್ನೇ ನಾವು ಬೈಕಿನಲ್ಲಿ ತೋಟಕ್ಕೆ ಹೋಗಿಬಂದು ಉಣ್ಣುತ್ತಿದ್ದೇವೆ.

ಹೆಪಟೈಟಿಸ್ ಬಿ, ಸಿ, ಮೈಯೇ ಲಿವರ್ ಮೇಲೆ ಜಗಳಕ್ಕೆ ಬೀಳುವ ಆಟೋಇಮ್ಯೂನ್ ಕಾಯಿಲೆ, ತಾಮ್ರ ಸೇರಿಕೊಳ್ಳುವ ವಿಲ್ಸನ್ ಕಾಯಿಲೆ, ಇವೂ ಕಾರಣ. ಮಕ್ಕಳಲ್ಲಿ ಪಿತ್ತನಾಳ ಮುಚ್ಚಿಹೋಗುವ ತೊಂದರೆ ಇದೆ. ಹುಟ್ಟಿ ಎರಡು ವಾರ ಕಳೆದರೂ ಕೂಸಿನ ಕಣ್ಣು ಹಳದಿ, ಮಲ ಸುಣ್ಣದ ಹಾಗೆ ಬೆಳ್ಳಗೆ ಇದ್ದರೆ "ಬಿಸಿಲಿಗೆ ಹಿಡಿದರೆ ಹೋಗುತ್ತೆ" ಅಂತ ಕೂರಬೇಡಿ. ಅದಕ್ಕೆ ಮಾಡುವ ಮೊದಲ ಆಪರೇಷನ್ 60 ದಿನದೊಳಗೆ ಆದರೆ ಫಲ ಜಾಸ್ತಿ.

ಕಾಮಾಲೆಗೆ ನಮ್ಮ ಕಡೆ ನಾಟಿ ಔಷಧಿ ಕೊಡ್ತಾರೆ. ಎಷ್ಟೋ ಜನಕ್ಕೆ ಗುಣವಾಗಿದೆ. ತಪ್ಪೇನು?

ನಮ್ಮಜ್ಜಿಯೂ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡುತ್ತಿದ್ದರು. ಔಷಧಿ ಕೊಡುವವರನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಒಂದು ವಿಷಯ ಯೋಚಿಸಿ. ಮಳೆಗಾಲದಲ್ಲಿ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಹೆಚ್ಚಿನವರಲ್ಲಿ ಕೆಲವು ವಾರಕ್ಕೆ ತಾನಾಗಿಯೇ ವಾಸಿಯಾಗುತ್ತವೆ. ಏನು ಕುಡಿದಿದ್ದರೂ ವಾಸಿಯಾಗುತ್ತಿತ್ತು. ಹೆಸರು ಮಾತ್ರ ಆ ಸೊಪ್ಪಿಗೆ.

ತೊಂದರೆ ಬರುವುದು ಕಾಮಾಲೆ ಬೇರೆ ಕಾರಣದ್ದಾದಾಗ. ಗದ್ದೆ, ತೋಟದ ಕೆಸರಿನಲ್ಲಿ ಓಡಾಡುವವರಿಗೆ ಬರುವ ಇಲಿ ಜ್ವರದಲ್ಲೂ ಕಣ್ಣು ಹಳದಿಯಾಗುತ್ತದೆ, ಅದಕ್ಕೆ ಆಂಟಿಬಯಾಟಿಕ್ ಬೇಕು, ತಡ ಮಾಡಿದರೆ ಕಿಡ್ನಿಗೂ ಕುತ್ತು. ಪಿತ್ತದ ಕಲ್ಲು ನಾಳಕ್ಕೆ ಅಡ್ಡ ಬಿದ್ದರೂ ಹಳದಿ. ಸಿರೋಸಿಸ್ಸಾದರೂ ಹಳದಿ. ನಾಲ್ಕಕ್ಕೂ ಒಂದೇ ಕಷಾಯ ಹೇಗಾಗುತ್ತದೆ?

ಇನ್ನೊಂದು ವಿಷಯ. ಸೊಪ್ಪು ಬೇರು ಅಂದ ಮಾತ್ರಕ್ಕೆ ನಿರಪಾಯವಲ್ಲ. ಕೊರೊನಾ ಸಮಯದಲ್ಲಿ ಅಮೃತಬಳ್ಳಿ ಕಷಾಯವನ್ನು ತಿಂಗಳುಗಟ್ಟಲೆ ಕುಡಿದ ಕೆಲವರಲ್ಲಿ ಲಿವರ್ ಊದಿಕೊಂಡಿದ್ದನ್ನು ಮುಂಬೈ ಡಾಕ್ಟರುಗಳು 2021ರಲ್ಲಿ ವರದಿ ಮಾಡಿದರು. ಆಯುಷ್ ಇಲಾಖೆ ಅದನ್ನು ಒಪ್ಪಲಿಲ್ಲ, ಆ ಜಗಳ ಬೇರೆ. ಕಸಿಯ ಹಾದಿಯಲ್ಲಿರುವವರು ಈ ಜೂಜಾಡಬಾರದು ಅನ್ನುವುದಷ್ಟೇ ನನ್ನ ಮಾತು. ಮೊದಲು ರಕ್ತ ಪರೀಕ್ಷೆ ಮಾಡಿಸಿ, ಐಎನ್‌ಆರ್ ಸೇರಿಸಿ. ಯಾವ ಕಾಮಾಲೆ ಅಂತ ಗೊತ್ತಾಗಲಿ.

ನಿನ್ನೆವರೆಗೆ ಆರಾಮಿದ್ದವರಿಗೆ ಇದ್ದಕ್ಕಿದ್ದಂತೆ ಲಿವರ್ ಫೇಲ್ ಆಗುತ್ತಾ?

ಆಗುತ್ತದೆ. ಇದಕ್ಕೆ ದಿನದ ಲೆಕ್ಕವಲ್ಲ, ಗಂಟೆಯ ಲೆಕ್ಕ. ಇಲಿ ಪಾಷಾಣದ ಪೇಸ್ಟ್‌ನಲ್ಲಿರುವ ಹಳದಿ ರಂಜಕ, ಒಟ್ಟಿಗೆ ನುಂಗಿದ ಪ್ಯಾರಾಸಿಟಮಾಲ್, ಕೆಲವರಲ್ಲಿ ವೈರಲ್ ಕಾಮಾಲೆಯೇ ಕೆರಳಿ ಹೀಗಾಗುತ್ತದೆ. ಮಲೆನಾಡಿನವರಿಗೆ ಹೇಳಲೇಬೇಕಾದದ್ದು ಕಾಡಿನ ಅಣಬೆ. ಲಿವರ್ ಕೊಲ್ಲುವ ಜಾತಿಯ ಅಣಬೆ ತಿಂದರೆ ತಕ್ಷಣ ಏನೂ ಆಗುವುದಿಲ್ಲ. ಆರು ಗಂಟೆ ಕಳೆದ ಮೇಲೆ, ಎಷ್ಟೋ ಸಲ ಇನ್ನೂ ತಡವಾಗಿ, ವಾಂತಿ ಭೇದಿ ಶುರುವಾಗುತ್ತದೆ. ಮಾರನೆಯ ದಿನ ನಿಲ್ಲುತ್ತದೆ. ಎಲ್ಲರೂ ಗೆದ್ದೆವು ಅಂದುಕೊಳ್ಳುತ್ತಾರೆ. ಲಿವರ್ ಕೆಡುವುದು ಆಗಲೇ. ಎರಡು ಮೂರನೆಯ ದಿನಕ್ಕೆ ಕಣ್ಣು ಹಳದಿ. ಅಣಬೆ ತಿಂದು ತಡವಾಗಿ ವಾಂತಿಯಾದರೆ, ನಿಂತರೂ, ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ತಿಕೊಂಡು ದೊಡ್ಡ ಆಸ್ಪತ್ರೆಗೆ ಹೋಗಿ.

ಹಠಾತ್ ಫೇಲ್ ಆದವರನ್ನು ದಾನಿಗಳಿಗೆ ಕಾಯುವ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ತೆಗೆದುಕೊಳ್ಳುತ್ತಾರೆ.

ಕುಡಿದು ಲಿವರ್ ಹಾಳಾದವರಿಗೆ ಕಸಿ ಮಾಡ್ತಾರಾ?

ಮಾಡುತ್ತಾರೆ. ಸಾಮಾನ್ಯವಾಗಿ ಆರು ತಿಂಗಳು ಬಿಟ್ಟಿರಬೇಕು ಅನ್ನುತ್ತಾರೆ. ಅಷ್ಟು ದಿನ ಉಳಿಯುವುದೇ ಕಷ್ಟ ಅನ್ನುವವರಿಗೆ ಕೆಲವು ಕಡೆ ಮನೋವೈದ್ಯರ ಅಭಿಪ್ರಾಯ, ಮನೆಯವರ ಬೆಂಬಲ ನೋಡಿ ಬೇಗ ಮಾಡುವುದೂ ಉಂಟು. "ತಾನೇ ಮಾಡಿಕೊಂಡಿದ್ದು, ಅವನಿಗ್ಯಾಕೆ" ಅನ್ನುವ ಮಾತು ಊರಲ್ಲಿ ಬಹಳ ಕೇಳಿದ್ದೇನೆ. ಸಿಹಿ ತಿಂದು ಸಕ್ಕರೆ ಕಾಯಿಲೆ ತಂದುಕೊಂಡವರಿಗೆ ಯಾರೂ ಹಾಗೆ ಹೇಳುವುದಿಲ್ಲ, ಗಮನಿಸಿದ್ದೀರಾ?

ಲಿವರ್ ಯಾರು ಕೊಡಬಹುದು?

1994ರ ಅಂಗಾಂಗ ಕಸಿ ಕಾಯ್ದೆ, 2011ರ ತಿದ್ದುಪಡಿ ಸೇರಿ, ಹತ್ತಿರದ ಸಂಬಂಧಿ ಅಂತ ಒಪ್ಪುವುದು ಗಂಡ, ಹೆಂಡತಿ, ಅಪ್ಪ, ಅಮ್ಮ, ಮಕ್ಕಳು, ಒಡಹುಟ್ಟಿದವರು, ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನು. ಚಿಕ್ಕಪ್ಪ, ಸೋದರಮಾವ, ಭಾವ, ಅತ್ತೆ ಮಕ್ಕಳು ಕೊಡುವುದಾದರೆ ಅಧಿಕೃತ ಸಮಿತಿಯ ಒಪ್ಪಿಗೆ ಬೇಕು. ದುಡ್ಡು ಕೊಟ್ಟು ಪಡೆಯುವುದು ಜೈಲಿಗೆ ಹೋಗುವ ಅಪರಾಧ. "ಯಾರಾದ್ರೂ ಸಿಗ್ತಾರಾ, ನೋಡಿ" ಅಂತ ನನ್ನನ್ನು ದಯವಿಟ್ಟು ಕೇಳಬೇಡಿ.

18 ತುಂಬಿರಬೇಕು. 55ರ ಮೇಲಿನವರನ್ನು ಸಾಮಾನ್ಯವಾಗಿ ಬೇಡ ಅನ್ನುತ್ತಾರೆ. ರಕ್ತದ ಗುಂಪು ಹೊಂದಬೇಕು. ಹೊಂದದಿದ್ದರೂ ಮಾಡುವ ವಿಧಾನ ಈಗ ಇದೆ, ಖರ್ಚೂ ತಯಾರಿಯೂ ಜಾಸ್ತಿ. ಕೊಡುವವರ ಲಿವರ್‌ನಲ್ಲಿ ಕೊಬ್ಬಿರಬಾರದು. ಅತ್ತಿಗೆಯ ಗುಂಪು ಹೊಂದಲಿಲ್ಲ. ನನ್ನದು ಓ, ಯಾರಿಗೂ ನಡೆಯುತ್ತದೆ.

ನನ್ನನ್ನು ಒಂದು ಪುಟ್ಟ ಕೋಣೆಯಲ್ಲಿ ಒಬ್ಬಳನ್ನೇ ಕೂರಿಸಿದರು. ಗಂಡ, ಅಣ್ಣ, ಅಮ್ಮ ಎಲ್ಲರೂ ಹೊರಗೆ. ಒಬ್ಬ ಹೆಣ್ಣುಮಗಳು ಬಂದು ನಿಧಾನಕ್ಕೆ ಕೇಳಿದರು: "ಯಾರಾದ್ರೂ ಒತ್ತಾಯ ಮಾಡಿದ್ದಾರಾ? ನಿಮಗೆ ಬೇಡ ಅನ್ನಿಸಿದರೆ ಹೊರಗಿನವರಿಗೆ ಕಾರಣ ಹೇಳದೆ 'ಹೊಂದಿಕೆಯಾಗಲಿಲ್ಲ' ಅಂತೀವಿ." ಕೊಡುವವಳು ಹೆಂಗಸಾದರೆ ಅವಳ ಸ್ವಂತ ಒಪ್ಪಿಗೆಯನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು ಅಂತ ನಿಯಮದಲ್ಲೇ ಇದೆ. ಇರಬೇಕಾದದ್ದೇ. ನಮ್ಮ ದೇಶದಲ್ಲಿ ಬದುಕಿರುವಾಗ ಅಂಗ ಕೊಡುವವರಲ್ಲಿ ಹೆಂಗಸರೇ ಜಾಸ್ತಿ, ಪಡೆಯುವವರಲ್ಲಿ ಗಂಡಸರು. ನಾನು ಮನಸಾರೆ ಕೊಟ್ಟೆ. ಆದರೆ "ಸೊಸೆ ಇದ್ದಾಳಲ್ಲ, ಕೊಡಲಿ" ಅಂತ ಫೋನಿನಲ್ಲಿ ಹೇಳುವವರ ದನಿ ನನಗೆ ಅರ್ಥವಾಗುತ್ತದೆ.

ಕೊಟ್ಟವರಿಗೆ ಏನಾಗುತ್ತೆ? ಮತ್ತೆ ಬೆಳೆಯುತ್ತಾ?

ಬೆಳೆಯುತ್ತದೆ. ದೊಡ್ಡವರಿಗೆ ಕೊಡುವಾಗ ಸಾಮಾನ್ಯವಾಗಿ ಬಲಭಾಗ, ಅಂದರೆ ಲಿವರ್‌ನಲ್ಲಿ ನೂರಕ್ಕೆ ಸುಮಾರು 60 ಪಾಲು ತೆಗೆಯುತ್ತಾರೆ. ಕೊಡುವವರಲ್ಲಿ ಕಡಿಮೆಯೆಂದರೂ 30 ಪಾಲು ಉಳಿಸಲೇಬೇಕು. ಉಳಿದಿದ್ದು ಎರಡು ಮೂರು ತಿಂಗಳಲ್ಲಿ ಹೆಚ್ಚುಕಡಿಮೆ ಮೊದಲಿನ ಗಾತ್ರಕ್ಕೆ ಬರುತ್ತದೆ. ಜೀವನಪೂರ್ತಿ ಮಾತ್ರೆಯೇನೂ ಇಲ್ಲ.

ಆದರೆ ಏನೂ ಅಪಾಯವಿಲ್ಲ ಅನ್ನುವವರನ್ನು ನಂಬಬೇಡಿ. ಪಿತ್ತ ಸೋರುವುದು, ಸೋಂಕು, ರಕ್ತ ಹೆಪ್ಪುಗಟ್ಟುವುದು ಆಗಬಹುದು. ಸಾವೂ ಆಗಿದೆ, ಸಾವಿರಕ್ಕೆ ಒಂದರಿಂದ ಐದರಷ್ಟು ಅಂತ ಹೇಳುತ್ತಾರೆ. ನಾನು ಹತ್ತು ದಿನಕ್ಕೆ ಹೊರಗೆ ಬಂದೆ. ಮೊದಲ ವಾರ ಸೀನು ಬಂದರೆ ಹೊಟ್ಟೆ ಹರಿದುಹೋಗುತ್ತದೆ ಅನ್ನಿಸುತ್ತಿತ್ತು, ದಿಂಬು ಅಪ್ಪಿಕೊಂಡು ಸೀನುತ್ತಿದ್ದೆ. ಮೂರು ತಿಂಗಳು ಕೊಡಪಾನ ಎತ್ತಲಿಲ್ಲ. ಅತ್ತೆ ಬಾವಿಯ ಹತ್ತಿರವೂ ಬಿಡಲಿಲ್ಲ.

ಮುಂದೆ ಮಕ್ಕಳಾಗುತ್ತಾ?

ಆಗುತ್ತದೆ. ಕೊಟ್ಟ ಮೇಲೆ ಸುಮಾರು ಒಂದು ವರ್ಷ ಬಿಡಿ ಅನ್ನುತ್ತಾರೆ, ಅಷ್ಟೇ.

ಮನೆಯಲ್ಲಿ ಯಾರದೂ ಹೊಂದದಿದ್ದರೆ?

ಮಿದುಳು ನಿಷ್ಕ್ರಿಯರಾದವರ ಲಿವರ್‌ಗೆ ಕಾಯಬೇಕು. ಕರ್ನಾಟಕದಲ್ಲಿ ಅದನ್ನು ನೋಡಿಕೊಳ್ಳುವುದು ಸರ್ಕಾರದ ಜೀವಸಾರ್ಥಕತೆ ಸಂಸ್ಥೆ. ಹೆಸರನ್ನು ಆಸ್ಪತ್ರೆಯೇ ನೋಂದಾಯಿಸುತ್ತದೆ. 65 ದಾಟಿದವರು ನೋಂದಾಯಿಸುವಂತಿಲ್ಲ, ಆಯಾ ರಾಜ್ಯದವರೇ ಆಗಿರಬೇಕು ಅನ್ನುವ ಷರತ್ತುಗಳನ್ನು 2023ರಲ್ಲಿ ಕೇಂದ್ರ ತೆಗೆದುಹಾಕಿತು.

ನಮ್ಮ ಕಡೆಯವರ ದೊಡ್ಡ ಸಮಸ್ಯೆ ನೆಟ್‌ವರ್ಕ್. ಕರೆ ನಡುರಾತ್ರಿ ಬರಬಹುದು. ತೆಗೆದ ಲಿವರ್ ಐಸಿನಲ್ಲಿ ಹನ್ನೆರಡು ಗಂಟೆಯೊಳಗೆ ಸೇರಬೇಕು, ಎಂಟರೊಳಗಾದರೆ ಒಳ್ಳೆಯದು. ಅಡಿಕೆ ಅಟ್ಟ ಹತ್ತಿದರೆ ಮಾತ್ರ ಸಿಗ್ನಲ್ ಸಿಗುವ ಮನೆಯಲ್ಲಿ ಒಂದೇ ನಂಬರು ಕೊಟ್ಟರೆ ಆಗುವುದಿಲ್ಲ. ಲ್ಯಾಂಡ್‌ಲೈನ್ ಇದ್ದರೆ ಅದು, ಪಕ್ಕದ ಮನೆಯದ್ದು, ಪೇಟೆಯಲ್ಲಿರುವ ನೆಂಟರದ್ದು, ಎಲ್ಲ ಕೊಡಿ. ಸರದಿ ಹತ್ತಿರವಿದ್ದರೆ ಬೆಂಗಳೂರಿನಲ್ಲೇ ಇರುವುದು ವಾಸಿ. ಶಿವಮೊಗ್ಗದಿಂದಲೇ 300 ಕಿಲೋಮೀಟರ್, ನಮ್ಮೂರಿಂದ ಇನ್ನೂ ದೂರ.

ಬ್ರೈನ್ ಡೆಡ್ ಅಂದವರು ಎದ್ದು ಕೂತ ಕಥೆ ಕೇಳಿದ್ದೇವೆ.

ಅದು ಕೋಮಾದ ಕಥೆ. ಬ್ರೈನ್ ಡೆಡ್ ಅಂದರೆ ಸಾವು, ಯಂತ್ರ ಉಸಿರಾಡಿಸುತ್ತಿರುತ್ತದೆ ಅಷ್ಟೇ. ನಾಲ್ವರು ಡಾಕ್ಟರು, ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ ಖಾತ್ರಿಪಡಿಸಬೇಕು. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ತೀರಿಕೊಂಡಾಗ ಮನೆಯವರು ಅವರ ಅಂಗಗಳನ್ನು ದಾನ ಮಾಡಿದರು. ಅವರು ನಮ್ಮ ಪಕ್ಕದ ಚಿಕ್ಕಮಗಳೂರು ಜಿಲ್ಲೆಯವರೇ. ಆ ವಾರ ನಮ್ಮೂರಿನ ಅಂಗಡಿ ಕಟ್ಟೆಯಲ್ಲೂ ಇದೇ ಮಾತು.

ಖರ್ಚು ಎಷ್ಟು?

ಖಾಸಗಿಯಲ್ಲಿ 20 ಲಕ್ಷದ ಮೇಲೆಯೇ ಲೆಕ್ಕ ಹಾಕಿ. ಆಮೇಲಿನ ಮಾತ್ರೆ, ರಕ್ತ ಪರೀಕ್ಷೆ, ಬೆಂಗಳೂರಿನ ಬಾಡಿಗೆ ಮನೆ ಬೇರೆ. ಬಿಪಿಎಲ್ ಕಾರ್ಡಿನವರಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಸರ್ಕಾರದ ಕಸಿ ಯೋಜನೆ ಇದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ್ದೇ ಅಂಗಾಂಗ ಕಸಿ ಸಂಸ್ಥೆಯೂ ಇದೆ. ಮುಖ್ಯಮಂತ್ರಿ, ಪ್ರಧಾನಮಂತ್ರಿ ಪರಿಹಾರ ನಿಧಿಗೆ ಆಪರೇಷನ್‌ಗೆ ಮೊದಲೇ ಅರ್ಜಿ ಹಾಕಿ. ತೋಟ ಮಾರುವ ಮೊದಲು ಆಸ್ಪತ್ರೆಯ ಕಸಿ ಸಂಯೋಜಕರ ಎದುರು ಅರ್ಧ ದಿನ ಕೂರಿ. ಅವರಿಗೆ ಯಾವ ಬಾಗಿಲು ಎಲ್ಲಿದೆ ಅಂತ ಗೊತ್ತಿರುತ್ತದೆ.

ಕಾಯುವಾಗ ಏನು ತಿನ್ನಬೇಕು? ಪಥ್ಯ ಮಾಡ್ತಿದ್ದೇವೆ.

ಬರೀ ಗಂಜಿ ತಾನೇ? ಅಲ್ಲೇ ಎಡವುವುದು. ಅಣ್ಣನನ್ನು ನಾವು ಎರಡು ತಿಂಗಳು ಗಂಜಿಯಲ್ಲೇ ಇಟ್ಟಿದ್ದೆವು. ತೋಳು ಕಡ್ಡಿಯಾಯಿತು. ಲಿವರ್ ಕೆಟ್ಟವರಿಗೆ ಪ್ರೋಟೀನ್ ಜಾಸ್ತಿಯೇ ಬೇಕು, ಕೆಜಿ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ. ಬೇಳೆ, ಹಾಲು, ಮೊಸರು, ಪನೀರ್, ತಿನ್ನುವವರಾದರೆ ಮೊಟ್ಟೆ, ಮೀನು. ರಾತ್ರಿ ಮಲಗುವ ಮುಂಚೆ ಏನಾದರೂ ತಿನ್ನಬೇಕು, ಹೊಟ್ಟೆ ಖಾಲಿ ಬಿಟ್ಟರೆ ಮೈ ತನ್ನ ಮಾಂಸವನ್ನೇ ಕರಗಿಸುತ್ತದೆ.

ಬಿಡಬೇಕಾದದ್ದು ಉಪ್ಪು. ನೀರು ತುಂಬುವವರಿಗೆ ದಿನಕ್ಕೆ ಒಂದು ಟೀ ಚಮಚ ಉಪ್ಪು ಅಂದರೆ ಎಲ್ಲ ಸೇರಿ ಅಷ್ಟೇ. ಒಂದು ಮಿಡಿ ಉಪ್ಪಿನಕಾಯಿ ಕಚ್ಚಿದರೆ ಅರ್ಧ ಲೆಕ್ಕ ಅಲ್ಲೇ ಮುಗಿಯಿತು ಅನ್ನಿ. ಮಲೆನಾಡಿಗರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ, ಗೊತ್ತು. ಮೈಕೈ ನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗುವುದೂ ಬೇಡ. ಆ ನೋವಿನ ಮಾತ್ರೆಗಳು ಕಿಡ್ನಿಯನ್ನು ಕೆಡಿಸುತ್ತವೆ. ಲ್ಯಾಕ್ಟುಲೋಸ್ ಸಿರಪ್ ಕೊಟ್ಟಿದ್ದರೆ ಭೇದಿಯಾಗುತ್ತದೆ ಅಂತ ನಿಲ್ಲಿಸಬೇಡಿ. ದಿನಕ್ಕೆ ಎರಡು ಮೂರು ಸಲ ಆಗಲಿ ಅಂತಲೇ ಅದನ್ನು ಕೊಡುವುದು.

ಆಪರೇಷನ್ ಆದವರು ಎಷ್ಟು ವರ್ಷ ಬದುಕ್ತಾರೆ?

100 ಜನರಲ್ಲಿ 85ರಿಂದ 90 ಮಂದಿ ಒಂದು ವರ್ಷ ದಾಟುತ್ತಾರೆ. ಐದು ವರ್ಷಕ್ಕೆ 70ರ ಮೇಲೆ. ಇಪ್ಪತ್ತು, ಮೂವತ್ತು ವರ್ಷ ಬದುಕಿದವರೂ ಇದ್ದಾರೆ. ಆಪರೇಷನ್ ಎಂಟರಿಂದ ಹನ್ನೆರಡು ಗಂಟೆ, ಆಸ್ಪತ್ರೆಯಲ್ಲಿ ಎರಡು ಮೂರು ವಾರ, ಆಮೇಲೆ ಮೂರು ತಿಂಗಳು ಆಸ್ಪತ್ರೆ ಹತ್ತಿರವೇ ವಾಸ.

ಮತ್ತೆ ತೋಟಕ್ಕೆ, ಕೊಟ್ಟಿಗೆಗೆ ಹೋಗಬಹುದಾ?

ತೋಟಕ್ಕೆ ಹೋಗಬಹುದು, ಆರು ತಿಂಗಳಾದ ಮೇಲೆ. ಕೊಟ್ಟಿಗೆ ಗೊಬ್ಬರ, ಕೊಳೆತ ಸೊಪ್ಪು, ಮಳೆಗಾಲದ ಬೂಷ್ಟು, ಇವುಗಳಲ್ಲಿರುವ ಶಿಲೀಂಧ್ರ ಸೋಂಕು ತರಬಹುದು. ಅಣ್ಣ ಈಗಲೂ ಗೊಬ್ಬರದ ಗುಂಡಿ ಕಡೆ ಹೋಗುವುದಿಲ್ಲ. ಅಡಿಕೆ ಸುಲಿಯುವಲ್ಲಿ ಮಾಸ್ಕ್, ಕೆಸರಿಗೆ ಬೂಟು. ಬಾವಿ ನೀರು ಕುದಿಸಿಯೇ ಕುಡಿಯುವುದು. ಹಸಿ ಸೊಪ್ಪಿನ ತಂಬುಳಿ ಮೊದಲ ತಿಂಗಳುಗಳಲ್ಲಿ ಬೇಡ, ಬಾಡಿಸಿ ಮಾಡಿದ್ದು ಆಗಬಹುದು.

ಚಕ್ಕೋತ ಹಣ್ಣು ಮಾತ್ರ ಯಾವತ್ತಿಗೂ ಇಲ್ಲ. ಮೈ ಹೊಸ ಲಿವರನ್ನು ದೂಡದಿರಲಿ ಅಂತ ಕಸಿಯಾದವರು ತೆಗೆದುಕೊಳ್ಳುವ ಟ್ಯಾಕ್ರೊಲಿಮಸ್ ಮಾತ್ರೆಯನ್ನು ಅದು ರಕ್ತದಲ್ಲಿ ವಿಪರೀತ ಏರಿಸುತ್ತದೆ. ನಮ್ಮ ಹಿತ್ತಲಿನ ಚಕ್ಕೋತ ಮರ ಈಗ ಮಂಗಗಳ ಪಾಲು. ಈ ಮಾತ್ರೆ 12 ಗಂಟೆಗೊಮ್ಮೆ, ಗಡಿಯಾರ ನೋಡಿ. ರಕ್ತದಲ್ಲಿ ಅದರ ಮಟ್ಟ ನೋಡಲು ಬೆಳಗ್ಗೆ ಮಾತ್ರೆ ನುಂಗುವ ಮೊದಲೇ ರಕ್ತ ಕೊಡಬೇಕು. ಮೊದಲ ಸಲ ಅಣ್ಣ ಮಾತ್ರೆ ನುಂಗಿ ಬಸ್ಸು ಹತ್ತಿ ಶಿವಮೊಗ್ಗದ ಲ್ಯಾಬ್‌ಗೆ ಹೋಗಿ ಕೊಟ್ಟಿದ್ದ. ಮಟ್ಟ ಆಕಾಶಕ್ಕೇರಿ ಬೆಂಗಳೂರಿನಿಂದ ಗಾಬರಿಯ ಫೋನ್ ಬಂತು.

ಮೊದಲ ಸಲ ತೋರಿಸಲು ಬೆಂಗಳೂರಿಗೆ ಹೊರಟಿದ್ದೇವೆ. ಏನೇನು ತಗೊಂಡು ಹೋಗಬೇಕು?

ಹಳೆಯ ರಿಪೋರ್ಟು ಎಲ್ಲ, ತಾರೀಕಿನ ಸಾಲಿನಲ್ಲಿ. ಸ್ಕ್ಯಾನ್‌ನ ಫಿಲ್ಮು ಮತ್ತು ಸಿಡಿ, ಬರೀ ಚೀಟಿಯಲ್ಲ. ನುಂಗುವ ಮಾತ್ರೆಗಳ ಖಾಲಿ ಸ್ಟ್ರಿಪ್ಪು, ನಾಟಿ ಔಷಧಿ ಕುಡಿದಿದ್ದರೆ ಅದರ ಪುಡಿಯೂ, ಮುಚ್ಚಿಡಬೇಡಿ. ಆಧಾರ್, ರೇಷನ್ ಕಾರ್ಡ್. ಬರುವವರೆಲ್ಲರ ರಕ್ತದ ಗುಂಪು. ಅಣ್ಣನ ಸಹಿ ಕೆಟ್ಟ ಆ ಮಂಡಿ ರಸೀದಿಯನ್ನೂ ಅತ್ತಿಗೆ ಫೈಲಿನಲ್ಲಿ ಇಟ್ಟಿದ್ದಳು. ಡಾಕ್ಟರು ಮೊದಲು ಕೈಗೆತ್ತಿಕೊಂಡಿದ್ದು ಅದನ್ನೇ.